ಚೌಕದಕ್ಕನ ಎರಡನೇ ಮಾನಿಟರ್

ಗಿರಣಿಯಲ್ಲಿ ನಮ್ಮಕ್ಕನನ್ನು ಎಲ್ಲರೂ ಚೌಕದಕ್ಕ ಎಂದು ಕರೆಯುತ್ತಾರೆ. ಮೊದಲು ಕರೆದವರು ತಮಾಷೆಗೆ ಕರೆದಿದ್ದರು. ಈಗ ಗೇಟಿನ ಕಾವಲುಗಾರನೂ ಹಾಗೇ ಕರೆಯುತ್ತಾನೆ, ಅವಳೂ ಓಗೊಡುತ್ತಾಳೆ.

ಅದು ಹಾಸಿಗೆಯ ಮೇಲೆ ಹರಡುವ ದಪ್ಪ ಹೊದಿಕೆಗಳನ್ನು ನೇಯುವ ಗಿರಣಿ. ಹೊದಿಕೆಯಲ್ಲಿ ಎಲೆ ಮೂಡಬೇಕಾದರೂ ಹಕ್ಕಿ ಮೂಡಬೇಕಾದರೂ ಮೊದಲು ಅದನ್ನು ಯಾರಾದರೂ ಚೌಕಗಳಲ್ಲಿ ಬರೆದುಕೊಡಬೇಕು. ಒಂದು ಚೌಕವೆಂದರೆ ಉದ್ದದ ಎಳೆಯೊಂದು ಅಡ್ಡದ ಎಳೆಯನ್ನು ದಾಟುವ ಜಾಗ. ಬಣ್ಣ ತುಂಬಿದ ಚೌಕದಲ್ಲಿ ಎಳೆ ಮೇಲೆ ಬರುತ್ತದೆ, ಖಾಲಿ ಬಿಟ್ಟಲ್ಲಿ ಕೆಳಗೆ ಇಳಿಯುತ್ತದೆ. ಅಂಗೈಯಗಲದ ಎಲೆಯೊಂದಕ್ಕೆ ಸಾವಿರಾರು ಚೌಕ ಬೇಕು. ಅಕ್ಕ ಕಂಪ್ಯೂಟರಿನ ಮುಂದೆ ಕೂತು ಅವನ್ನು ತುಂಬುತ್ತಾಳೆ. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೆ ಇರುವಂಥ ತಾಳ್ಮೆ ಅವಳದು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಾಳೆ, ಕೈ ಮಾತ್ರ ನಿಲ್ಲುವುದಿಲ್ಲ.

ಹಳ್ಳಿಯ ಶಾಲೆಯಲ್ಲಿದ್ದಾಗಲೂ ಅವಳಿಗೆ ಇದೇ ಹುಚ್ಚಿತ್ತು. ಲೆಕ್ಕದ ಚೌಕಳಿ ಪುಸ್ತಕದಲ್ಲಿ ಲೆಕ್ಕಕ್ಕಿಂತ ಬಾತುಕೋಳಿಗಳೇ ಹೆಚ್ಚಿದ್ದವು. ಹತ್ತನೇ ತರಗತಿ ಮುಗಿಸಿ ಗಿರಣಿಗೆ ಸೇರಿದಾಗ ಅವಳಿಗೆ ಸಿಕ್ಕಿದ್ದು ಎಳೆ ಕೂಡಿಸುವ ಕೆಲಸ. ಮಗ್ಗಗಳ ಸದ್ದಿನ ನಡುವೆ ದಿನವಿಡೀ ನಿಂತು, ಕಡಿದುಹೋದ ಎಳೆಗಳನ್ನು ಹುಡುಕಿ ಗಂಟು ಹಾಕಬೇಕು. ನಾನು ಪದವಿ ಓದಿದ್ದು ಆ ಗಂಟುಗಳ ಸಂಬಳದಲ್ಲಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ, ಹತ್ತಿಸಿದವಳು ಅವಳು. ಇಷ್ಟನ್ನು ಹೇಳದೆ ಅವಳ ಬಗ್ಗೆ ಬರೆದರೆ ತಪ್ಪಾಗುತ್ತದೆ.

ಊಟದ ಬಿಡುವಿನಲ್ಲಿ ಅವಳು ವಿನ್ಯಾಸದ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ನೋಡುತ್ತಾ ನೋಡುತ್ತಾ ಒಳಗೆ ಹೋದಳು, ಹೋದವಳು ಕೂತಳು, ಕೂತವಳು ಕಲಿತಳು. ಮದುವೆಯಾಗಿ ಕೆಲವು ವರ್ಷಕ್ಕೆ ಅವಳ ಅತ್ತೆ ತೀರಿಕೊಂಡರು. ಮಾವನ ಕಣ್ಣು ಮಂಜಾಗಿದ್ದರಿಂದ ಹಗಲು ಮನೆಯಲ್ಲಿ ಒಬ್ಬರು ಇರಬೇಕಾಯಿತು. ಗಿರಣಿಯವರು ಮನೆಯಿಂದಲೇ ವಿನ್ಯಾಸ ಬರೆದು ಕಳಿಸಲು ಒಪ್ಪಿದರು. ನಿಂತು ನಿಂತು ಮಂಡಿ ನೋವು ಬರಿಸಿಕೊಂಡಿದ್ದವಳಿಗೆ ಅದು ದೊಡ್ಡ ಅನುಕೂಲ.

ಅವರ ಮನೆಯ ಹಾಲ್ ಉದ್ದಕ್ಕಿದೆ, ಅಗಲವಿಲ್ಲ. ಒಂದು ತುದಿಯ ಗೋಡೆಗೆ ಅಕ್ಕನ ಮೇಜು, ಅದಕ್ಕೆ ಅಂಟಿಕೊಂಡಂತೆ ಟಿವಿ ಸ್ಟ್ಯಾಂಡು. ಇನ್ನೊಂದು ತುದಿಯಲ್ಲಿ ಬಾಲ್ಕನಿಯ ಬಾಗಿಲು, ಅದರ ಪಕ್ಕ ಮಾವನ ಬೆತ್ತದ ಕುರ್ಚಿ. ಮಾವ ಬಸ್ ಕಂಡಕ್ಟರ್ ಆಗಿದ್ದವರು. ಆ ಹಾಲ್ ನೋಡಿ, ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತೇ ಇದ್ದೆ, ಈಗ ಹಿಂದಿನ ಸೀಟು ಸಿಕ್ಕಿದೆ ಎನ್ನುತ್ತಿದ್ದರು. ಅವರ ಕಣ್ಣಿನ ಹಿಂದಿನ ನರ ಸೊರಗಿದೆ. ಉಳಿದಷ್ಟನ್ನು ಉಳಿಸಿಕೊಳ್ಳಲು ಔಷಧಿಯ ಹನಿ ಹಾಕುತ್ತಾರೆ, ಅಷ್ಟೇ. ಎಣ್ಣೆ ಹಚ್ಚಿದ ಕಾಗದದ ಹಿಂದಿನಿಂದ ನೋಡಿದ ಹಾಗೆ ಎಲ್ಲ ಕಾಣುತ್ತದಂತೆ. ಬೆಳಕು, ಬಣ್ಣ, ಆಕಾರ ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ನಮ್ಮನ್ನೆಲ್ಲ ಅವರು ಹೆಜ್ಜೆಯ ಸದ್ದಿನಿಂದ ಗುರುತು ಹಿಡಿಯುತ್ತಾರೆ.

ಹಾಗಿದ್ದರೂ ಟಿವಿ ಅವರದೇ. ಸಂಜೆಯ ವಾರ್ತೆ ಹಾಕಿಕೊಂಡು, ಓದುವವರ ಜೊತೆ ವಾದಕ್ಕೆ ಬೀಳುತ್ತಿದ್ದರು. ಒಂದು ಮಧ್ಯಾಹ್ನ ಅದು ಟಪ್ ಎಂದು ಸದ್ದು ಮಾಡಿ ಕಪ್ಪಾಯಿತು. ರಿಪೇರಿಯವನು ಬಂದು ಹಿಂದಿನ ಮುಚ್ಚಳ ತೆಗೆದು ನೋಡಿ, ಒಳಗಿನ ಪ್ಯಾನೆಲ್ಲೇ ಹೋಗಿದೆ, ಇದನ್ನು ಸರಿ ಮಾಡಿಸುವುದಕ್ಕಿಂತ ಹೊಸದು ತರುವುದು ವಾಸಿ ಎಂದು ಹೇಳಿ ಹೋದನು.

ಆ ಹೊತ್ತಿಗೆ ಅಕ್ಕನಿಗೆ ಬೇರೆಯೇ ಒಂದು ಚಿಂತೆ ಹತ್ತಿತ್ತು.

ಇಡೀ ಹೊದಿಕೆಯನ್ನು ಯಾರೂ ಬರೆಯುವುದಿಲ್ಲ. ಒಂದು ತುಂಡನ್ನು ಬರೆದು, ಅದನ್ನೇ ಪಕ್ಕಕ್ಕೂ ಕೆಳಕ್ಕೂ ಮತ್ತೆ ಮತ್ತೆ ಕೂರಿಸಿಕೊಂಡು ಹೋಗುತ್ತಾರೆ. ತುಂಡಿಗೆ ತುಂಡು ಸೇರುವಲ್ಲಿ ಗೆರೆ ಕಾಣಬಾರದು. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಪ್ರತಿ ತುಂಡಿನಲ್ಲೂ ಒಂದೇ ಜಾಗದಲ್ಲಿ ಎಲೆಗಳು ಸ್ವಲ್ಪ ದಟ್ಟವಾಗಿದ್ದರೆ, ಬಟ್ಟೆ ನೇಯ್ದು ಹರಡಿದಾಗ ಆ ದಟ್ಟ ಜಾಗಗಳೆಲ್ಲ ಒಂದರ ಹಿಂದೊಂದು ಸೇರಿ, ಯಾರೂ ಬರೆಯದ ಪಟ್ಟೆಯೊಂದು ತಾನಾಗಿ ಎದ್ದು ನಿಲ್ಲುತ್ತದೆ. ಗಿರಣಿಯವರು ಇದನ್ನು ಕಂಬಿ ಬೀಳುವುದು ಎನ್ನುತ್ತಾರೆ. ಕಂಬಿ ಬಿದ್ದ ಹೊದಿಕೆಯನ್ನು ಯಾವ ಅಂಗಡಿಯವನೂ ಮುಟ್ಟುವುದಿಲ್ಲ.

ಆ ವರ್ಷ ಅಕ್ಕನ ಎರಡು ವಿನ್ಯಾಸಗಳಲ್ಲಿ ಬೆನ್ನುಬೆನ್ನಿಗೆ ಕಂಬಿ ಬಿದ್ದಿತ್ತು. ಎರಡು ಸಲವೂ ನೇಯ್ದ ಮೇಲೆಯೇ ಗೊತ್ತಾದದ್ದು, ಉರುಳೆಗಟ್ಟಲೆ ಬಟ್ಟೆ ಹಾಳಾಯಿತು. ವಿನ್ಯಾಸ ವಿಭಾಗದ ಮಾಸ್ಟರು ಕೂಗಾಡುವ ಮನುಷ್ಯರಲ್ಲ. ಅವಳನ್ನು ಕರೆಸಿ ಕೂರಿಸಿ, ಇನ್ನೊಂದು ಸಲ ಹೀಗಾದರೆ ವಿನ್ಯಾಸಗಳನ್ನು ಹೊರಗಿನಿಂದಲೇ ಕೊಂಡುಬಿಡಿ ಎಂದು ಮೇಲಿನವರು ಹೇಳಿದ್ದಾರೆ, ಆಗ ನಿಮ್ಮನ್ನು ಮತ್ತೆ ಎಳೆ ಕೂಡಿಸುವ ಕೆಲಸಕ್ಕೇ ಕಳಿಸಬೇಕಾಗುತ್ತದೆ ಎಂದು ತಣ್ಣಗೆ ಹೇಳಿದರು. ಅಕ್ಕ ಮನೆಗೆ ಬಂದಳು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದಳು. ಭಾವನೇ ಕೇಳಿ ಕೇಳಿ ಬಾಯಿ ಬಿಡಿಸಿದರು.

ತಪ್ಪು ಎಲ್ಲಿ ಆಗುತ್ತಿದೆ ಎಂಬುದಕ್ಕೆ ಅವಳ ಬಳಿ ಒಂದು ಉತ್ತರವಿತ್ತು. ಇರುವುದು ಒಂದೇ ಮಾನಿಟರ್, ಅದೂ ಚಿಕ್ಕದು. ಚೌಕ ತುಂಬಲು ಚಿತ್ರವನ್ನು ದೊಡ್ಡದು ಮಾಡಿಕೊಂಡರೆ ಇಡೀ ಹೊದಿಕೆ ಕಣ್ಮರೆಯಾಗುತ್ತದೆ. ಇಡೀ ಹೊದಿಕೆ ಕಾಣಲೆಂದು ಕುಗ್ಗಿಸಿದರೆ ಕಂಪ್ಯೂಟರ್ ನಡುನಡುವಿನ ಎಳೆಗಳನ್ನು ತಾನೇ ನುಂಗಿಬಿಡುತ್ತದೆ. ಪಕ್ಕದಲ್ಲಿ ಇನ್ನೊಂದು ದೊಡ್ಡ ಮಾನಿಟರ್ ಇದ್ದರೆ, ಒಂದರಲ್ಲಿ ಚೌಕ, ಇನ್ನೊಂದರಲ್ಲಿ ಪೂರ್ತಿ ಬಟ್ಟೆ ಇಟ್ಟುಕೊಳ್ಳಬಹುದು.

ಮನೆಯಲ್ಲಿ ಕೂಡಿಟ್ಟದ್ದು ಒಂದು ಪರದೆಗೆ ಸಾಲುವಷ್ಟು ಮಾತ್ರ ಇತ್ತು. ಟಿವಿ ತಂದರೆ ಮಾನಿಟರ್ ಇಲ್ಲ, ಮಾನಿಟರ್ ತಂದರೆ ಟಿವಿ ಇಲ್ಲ.

ಭಾವ ನೀರಿನ ಪಂಪು ರಿಪೇರಿ ಮಾಡುವವರು, ಮೃದು ಮನಸ್ಸಿನವರು. ಹೆಂಡತಿಯ ಕೆಲಸ ದೊಡ್ಡದೆಂದು ಅವರಿಗೆ ಗೊತ್ತು. ಆದರೆ ಸತ್ತ ಟಿವಿಯ ಎದುರು ಅಪ್ಪ ಕೂತಿರುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ. ಎರಡು ದಿನ ಅಡಕತ್ತರಿಯಲ್ಲಿ ಸಿಕ್ಕಿಕೊಂಡವರಂತೆ ಓಡಾಡಿ, ಕೊನೆಗೆ ಹಗ್ಗ ಹರಿಯದ, ಕೋಲು ಮುರಿಯದ ಉಪಾಯವೊಂದನ್ನು ತಂದರು. ದೊಡ್ಡ ಟಿವಿಯನ್ನೇ ತರೋಣ. ಹಗಲು ಅದು ನಿನಗೆ ಮಾನಿಟರ್, ಸಂಜೆ ಅಪ್ಪನಿಗೆ ಟಿವಿ.

ಮಾವನಿಗೆ ಇದೆಲ್ಲ ಕೇಳಿಸುತ್ತಲೇ ಇತ್ತು. ನನಗೆ ಟಿವಿ ಬೇಡ ಎಂದು ಅವರು ಮೊದಲ ದಿನವೇ ಹೇಳಿದ್ದರು, ಯಾರೂ ನಂಬಿರಲಿಲ್ಲ. ವಯಸ್ಸಾದವರು ಬೇಡ ಎಂದರೆ ಬೇಕು ಎಂದೇ ಅರ್ಥ ಎಂಬುದು ಭಾವನ ಸಿದ್ಧಾಂತ. ಮಾವ ಒಂದು ಸಂಜೆ ಬೇಸತ್ತು ಹೇಳಿದರು:

"ಟಿವಿ ಇದ್ದಾಗ ಅದಕ್ಕೆ ಬೈತಿದ್ದೆ. ಈಗ ಬೈಯೋದಕ್ಕೆ ನೀನಿದೀಯಲ್ಲಪ್ಪ, ಸಾಕು. ಅವಳಿಗೇನು ಬೇಕೋ ಅದನ್ನ ತಂದ್ಕೊಡು."

ಭಾನುವಾರ ಅಂಗಡಿಗೆ ಹೊರಟರು. ಪೆಟ್ಟಿಗೆ ಹೊರಲು ಆಗುತ್ತದೆಂದು ನಾನೂ ಜೊತೆಗೆ ಹೋದೆ. ಗೋಡೆಯ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಜಲಪಾತ. ಮಾರುವ ಹುಡುಗಿ ಚುರುಕಾಗಿದ್ದಳು. ಅವಳು ಕೇಳಿದ ಮೊದಲ ಪ್ರಶ್ನೆ, ಎಷ್ಟು ದೂರದಿಂದ ನೋಡ್ತೀರಿ ಎಂದು. ಅಕ್ಕ ಮೊಳಕೈ ಚಾಚಿ ತೋರಿಸಿದಳು. ಭಾವ ತಮ್ಮ ಉಪಾಯ ಹೇಳಿದಾಗ ಆ ಹುಡುಗಿ, ಅಕ್ಕ ಪೆನ್‌ಡ್ರೈವಿನಲ್ಲಿ ತಂದಿದ್ದ ವಿನ್ಯಾಸವನ್ನು ದೊಡ್ಡ ಟಿವಿಗೆ ಹಾಕಿ ತೋರಿಸಿದಳು. ಹತ್ತಿರ ನಿಂತರೆ ಪ್ರತಿ ಚೌಕದ ಪಕ್ಕ ತೆಳ್ಳನೆಯ ನೆರಳು ಕಾಣುತ್ತಿತ್ತು. ಅಂಚಿನ ಚೌಕಗಳ ಒಂದು ಸಾಲು ಪರದೆಯ ಹೊರಗೇ ಉಳಿದಿತ್ತು.

ಆ ಹುಡುಗಿ ಹೇಳಿದಳು, "ಟಿವಿ ಚಿತ್ರಾನ ಚೆಂದ ಮಾಡಿ ತೋರಿಸುತ್ತೆ ಮೇಡಂ, ಮಾನಿಟರ್ ಇದ್ದದ್ದನ್ನ ಇದ್ದಂಗೆ ತೋರಿಸುತ್ತೆ. ನಿಮಗೆ ಯಾವುದು ಬೇಕು ನೋಡಿ."

ಅಕ್ಕ ಭಾವನ ಮುಖ ನೋಡಿದಳು. ಭಾವ ಜಲಪಾತವನ್ನೇ ನೋಡುತ್ತಾ, "ತಗೋ, ನಿಂಗೆ ಬೇಕಾದ್ದೇ ತಗೋ" ಎಂದರು. ಆ ಮಾತಿನಲ್ಲಿ ಒಪ್ಪಿಗೆ ಇತ್ತು, ಸಂತೋಷ ಇರಲಿಲ್ಲ. ಅಕ್ಕ ಮಾನಿಟರ್ ತೆಗೆದುಕೊಂಡಳು.

ಮೇಜಿನ ಮೇಲೆ ಎರಡಕ್ಕೆ ಜಾಗ ಸಾಲಲಿಲ್ಲ. ಸತ್ತ ಟಿವಿಯನ್ನು ಇಳಿಸಿ, ಹೊಸ ಮಾನಿಟರನ್ನು ಪಕ್ಕದ ಸ್ಟ್ಯಾಂಡಿನ ಮೇಲೇ ಇಟ್ಟರು. ಮಾವ ಗೋಡೆ ಹಿಡಿದು ಬಂದು ಅದರ ಅಂಚನ್ನು ಸವರಿ ನೋಡಿ, ಇದಕ್ಕೆ ಬಾಯಿ ಎಲ್ಲಿದೆ ಎಂದು ಕೇಳಿದರು. ಬಾಯಿ ಇರಲಿಲ್ಲ. ಭಾವ ಎಲ್ಲಿಂದಲೋ ಎರಡು ಹಳೆಯ ಸ್ಪೀಕರ್ ತಂದು ಸಿಕ್ಕಿಸಿದರು. ಸಂಜೆಯ ವಾರ್ತೆ ಇಂಟರ್ನೆಟ್ಟಿನಲ್ಲಿ ಬರತೊಡಗಿತು, ಮಾವನ ವಾದವೂ ಮೊದಲಿನಂತೆ ನಡೆಯಿತು. ಭಾವ ಮಾತ್ರ ಕೆಲವು ದಿನ, ಅಪ್ಪನಿಗೆ ಟಿವಿ ತರುವ ಬದಲು ಬಾಯಿಲ್ಲದ ಕಿಟಕಿ ತಂದುಕೊಟ್ಟಿದ್ದೇವೆ ಎಂದು ಬಂದವರ ಮುಂದೆ ಹೇಳುತ್ತಿದ್ದರು. ಅಕ್ಕ ಕೇಳಿಸದವಳಂತೆ ಚೌಕ ತುಂಬುತ್ತಿದ್ದಳು.

ಅವಳ ಕೈಯಲ್ಲಿದ್ದದ್ದು ಹೋಟೆಲೊಂದರ ಎಲ್ಲ ಕೋಣೆಗಳಿಗೆ ಹೊದಿಕೆ. ನೀಳ ಎಲೆಗಳು, ನಡುವೆ ಸಣ್ಣ ಮೊಗ್ಗುಗಳು. ಇಷ್ಟು ಎಚ್ಚರದಿಂದ ಅವಳು ಹಿಂದೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಎಡಗಡೆ ಒಂದು ಎಲೆಯ ತುದಿ ತಿದ್ದಿದರೆ ಬಲಗಡೆಯ ಪೂರ್ತಿ ಬಟ್ಟೆಯಲ್ಲಿ ಎಲ್ಲ ಎಲೆಗಳ ತುದಿ ಒಟ್ಟಿಗೆ ತಿದ್ದಿಕೊಳ್ಳುತ್ತಿತ್ತು. ಆ ಸಂಭ್ರಮವನ್ನು ಅವಳು ನನಗೆ ಕರೆದು ತೋರಿಸಿದಳು. ಸೇರುವ ಅಂಚುಗಳನ್ನು ಒಂದೊಂದಾಗಿ ನೋಡಿದಳು, ಎಲ್ಲೂ ಕಂಬಿ ಕಾಣಲಿಲ್ಲ. ವಿನ್ಯಾಸ ಕಳಿಸಿದಳು. ಮಾಸ್ಟರು ನೋಡಿ, ಚೆನ್ನಾಗಿ ಬಂದಿದೆ, ನಾಳೆ ಬೆಳಿಗ್ಗೆ ಮಗ್ಗಕ್ಕೆ ಹಾಕುತ್ತೇವೆ ಎಂದು ತಿಳಿಸಿದರು.

ಆ ಸಂಜೆ ಅವಳು ವಿನ್ಯಾಸವನ್ನು ಹೊಸ ಮಾನಿಟರಿನಲ್ಲಿ ಹಾಗೇ ಬಿಟ್ಟು ಚಹಾ ಮಾಡಲು ಒಳಗೆ ಹೋದಳು. ಮಾವ ವಾರ್ತೆಗಾಗಿ ಕಾಯುತ್ತಾ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ನಾನು ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದೆ.

"ಏನಮ್ಮಾ," ಮಾವ ಅಲ್ಲಿಂದಲೇ ಕೇಳಿದರು, "ಟಿವಿ ತುಂಬಾ ಏಣಿ ಯಾಕೆ ಒರಗಿಸಿಟ್ಟಿದೀಯ?"

ಅಕ್ಕ ನಗುತ್ತಾ ಹೊರಗೆ ಬಂದಳು. ಅದು ಏಣಿಯಲ್ಲ ಮಾವ, ಎಲೆ ಎಂದಳು.

"ಎಲೆ ನನಗೆಲ್ಲಿ ಕಾಣ್ಬೇಕು. ಏಣಿ ಕಾಣ್ತಿದೆ. ಓರೆಯಾಗಿ, ಸಾಲಾಗಿ, ಬಣ್ಣ ಬಳಿಯೋರು ಬಂದಾಗ ಒರಗಿಸಿಡ್ತಾರಲ್ಲ, ಹಂಗೆ."

ಅಕ್ಕ ಮಾನಿಟರಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಎಲೆ, ಮೊಗ್ಗು, ಎಲೆ. ಮಾವನ ಕುರ್ಚಿಯ ಪಕ್ಕ ಬಂದು ನಿಂತು ನೋಡಿದಳು. ಅಲ್ಲಿಂದಲೂ ಎಲೆಗಳೇ. ನಾನೂ ನೋಡಿದೆ, ನನಗೂ ಏನೂ ಕಾಣಲಿಲ್ಲ. ಪಾಪ, ಇವರ ಕಣ್ಣು ಇನ್ನಷ್ಟು ಕೆಟ್ಟಿದೆಯೇನೋ ಎಂದು ನಾನು ಅಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿರಬೇಕು, ಹನಿ ಹಾಕಿದಿರಾ ಮಾವ ಎಂದು ಕೇಳಿದಳು. ಹಾಕಿದ್ದೇನೆ ಎಂದರು.

ಆಮೇಲೆ ಅವಳು ಮೇಜಿಗೆ ಹೋಗಿ ಬೇರೊಂದು ವಿನ್ಯಾಸ ತೆರೆದಳು. ಅದು ಹಿಂದೆ ಚೆನ್ನಾಗಿ ಮಾರಾಟವಾದದ್ದು. ಈಗ ಏನು ಕಾಣುತ್ತದೆ ಎಂದು ಕೇಳಿದಳು.

"ಈಗ ಏಣಿ ತೆಗೆದಿದೀಯ. ಬರೀ ಹಸಿರು."

ಇನ್ನೊಂದನ್ನು ತೆರೆದಳು. ಕಂಬಿ ಬಿದ್ದು ಹಾಳಾದ ಎರಡರಲ್ಲಿ ಮೊದಲನೆಯದು. ಮಾವ ಸ್ವಲ್ಪ ಹೊತ್ತು ನೋಡಿ, ಇಲ್ಲಿ ಕಂಬ ನಿಂತಿವೆ, ನೆಟ್ಟಗೆ, ಬಸ್ಸಿನ ಒಳಗಿನ ಕಂಬಗಳ ಹಾಗೆ ಎಂದರು. ಎರಡನೆಯದನ್ನು ತೆರೆದಾಗ, ಇವು ಮಲಗಿವೆ, ಅಡ್ಡಕ್ಕೆ ಎಂದರು. ಆ ಎರಡು ಬಟ್ಟೆಗಳಲ್ಲಿ ಕಂಬಿ ಬಿದ್ದದ್ದು ನಿಖರವಾಗಿ ಹಾಗೆಯೇ. ಮಾವನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅಕ್ಕ ಹೋಟೆಲಿನ ವಿನ್ಯಾಸವನ್ನು ಮತ್ತೆ ತೆರೆದಿಟ್ಟು, ಬಂದು ಮಾವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದಳು. ಸೆರಗು ಮುಖದ ಹತ್ತಿರವೇ ನಿಂತಿತು.

ನಾನೂ ನನ್ನ ಕನ್ನಡಕ ತೆಗೆದೆ. ಎಲೆಗಳು ಕರಗಿ ಹೋದವು. ಮೊಗ್ಗುಗಳು ಒಂದರ ಮೇಲೊಂದು ಮೆಟ್ಟಿಲಾಗಿ, ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಯವರೆಗೆ, ಏಣಿಯ ಪಕ್ಕ ಏಣಿ ಒರಗಿ ನಿಂತಿದ್ದವು.

"ದೂರದ ಬೆಟ್ಟ ನುಣ್ಣಗೆ ಅಂತಾರೆ," ಮಾವ ಹೇಳಿದರು. "ನಿಂದು ಹತ್ತಿರದಲ್ಲೇ ನುಣ್ಣಗಿದೆ ನೋಡು."

ಅಕ್ಕ ನಗಲಿಲ್ಲ. ಅವಳ ತಪ್ಪು ಅವಳಿಗೆ ಆಗ ಹೊಳೆದಿತ್ತು. ಕಂಬಿ ಕಾಣದೆ ಇರುವುದು ಪರದೆ ಚಿಕ್ಕದಾದ್ದರಿಂದ ಎಂದು ಅವಳು ತಿಳಿದಿದ್ದಳು. ಮೊಳದೂರದಲ್ಲಿ ಎಷ್ಟು ದೊಡ್ಡ ಪರದೆ ಇಟ್ಟರೂ ಅವಳ ಕಣ್ಣು ಓಡುವುದು ತಾನು ಬರೆದ ಎಲೆಗೇ. ಹೊದಿಕೆಯನ್ನು ಕೊಳ್ಳುವವರು ನೋಡುವುದಾದರೋ ಬಾಗಿಲಲ್ಲಿ ನಿಂತು, ಎಲೆಯ ತುದಿ ಹೇಗಿದೆ ಎಂದು ಅವರು ಕೇಳುವುದಿಲ್ಲ.

ಅಷ್ಟರಲ್ಲಿ ಭಾವ ಕೆಲಸದಿಂದ ಬಂದರು. ವಿಷಯ ಕೇಳಿ, ಅವರೂ ಕುರ್ಚಿಯ ಹತ್ತಿರ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಬಹಳ ಹೊತ್ತು ಕೈ ತೊಳೆದರು. ಕೈ ಒರೆಸಿಕೊಳ್ಳುತ್ತಾ, ಮೆಲ್ಲಗೆ ಹೇಳಿದರು:

"ಸುಮ್ನೆ ಇದ್ಬಿಡು. ಮಾಸ್ಟರೇ ನೋಡಿ ಸರಿ ಅಂದಿದಾರೆ. ನಾಳೆ ಕಂಬಿ ಬಿತ್ತು ಅಂದ್ರೆ ಅದು ನಿಂದೊಬ್ಬಳದೇ ತಪ್ಪಾಗಲ್ಲ, ಅವರದೂ ಆಗುತ್ತೆ. ಈಗ ನೀನೇ ಫೋನ್ ಮಾಡಿದ್ರೆ ಪೂರ್ತಿ ನಿನ್ನ ತಲೆಗೇ ಬರುತ್ತೆ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕ ಅಡುಗೆಮನೆಗೆ ಹೋಗಿ ಆರಿಹೋಗಿದ್ದ ಚಹಾವನ್ನು ಮತ್ತೆ ಬಿಸಿ ಮಾಡಿದಳು. ಎಲ್ಲರಿಗೂ ಲೋಟ ಕೊಟ್ಟಳು, ತನ್ನದನ್ನು ಮುಟ್ಟಲಿಲ್ಲ. ಮಾವ ವಾರ್ತೆ ಕೇಳಲಿಲ್ಲ, ಯಾರೂ ಹಾಕಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು, "ಅವರು ಸರಿ ಅಂದಾಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಈಗ ನನಗೆ ಗೊತ್ತಿದೆಯಲ್ಲ ರೀ" ಎಂದು ಹೇಳಿ ಫೋನ್ ತೆಗೆದುಕೊಂಡಳು.

ಮಾಸ್ಟರು ಇನ್ನೂ ಗಿರಣಿಯಲ್ಲೇ ಇದ್ದರು. ಅವರ ದನಿ ನಮಗೆಲ್ಲ ಕೇಳುವಂತೆ ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು. ಅವಳು ಹೇಳಿದ್ದನ್ನು ಅವರು ಒಪ್ಪಲಿಲ್ಲ. ನಾನೇ ಕೂತು ನೋಡಿದ್ದೇನೆ, ಭಯಕ್ಕೆ ನಿಮಗೆ ಹಾಗೆ ಕಾಣುತ್ತಿದೆ ಎಂದರು. ಅಕ್ಕ ಅದಕ್ಕೆ ವಾದ ಮಾಡಲಿಲ್ಲ.

"ಸರ್, ಪರದೆ ಮೇಲೆ ಹಾಗೇ ಇಟ್ಟು, ನೀವು ಕೋಣೆಯಿಂದ ಹೊರಗೆ ಬನ್ನಿ. ಉದ್ದಕ್ಕೆ ಕಾರಿಡಾರ್ ಇದೆಯಲ್ಲ, ಅದರ ಕೊನೇಲಿ ನಿಂತ್ಕೊಂಡು, ಕನ್ನಡಕ ತೆಗೆದು ಒಂದ್ಸಲ ನೋಡಿ."

"ಕನ್ನಡಕ ತೆಗೆದ್ರೆ ನನಗೆ ಬಾಗಿಲೇ ಕಾಣಲ್ಲಮ್ಮ."

"ಕಾಣದೆ ಇದ್ರೇ ಒಳ್ಳೇದು ಸರ್."

ಆ ಕಡೆ ಕುರ್ಚಿ ಸರಿದ ಸದ್ದು, ಆಮೇಲೆ ಚಪ್ಪಲಿಯ ಸದ್ದು, ಆಮೇಲೆ ಏನೂ ಇಲ್ಲ. ಮಗ್ಗಗಳ ಗದ್ದಲ ಮಾತ್ರ ದೂರದಿಂದ ಬರುತ್ತಿತ್ತು. ಭಾವ ಪಂಪಿನ ಜಿಡ್ಡು ಹೋಗದ ಉಗುರುಗಳನ್ನು ನೋಡಿಕೊಳ್ಳುತ್ತಾ ಕೂತಿದ್ದರು. ಚಪ್ಪಲಿಯ ಸದ್ದು ನಿಧಾನವಾಗಿ ಹಿಂದಕ್ಕೆ ಬಂತು.

"ಯಾರಮ್ಮ ಇದನ್ನ ಕಂಡುಹಿಡಿದದ್ದು?"

"ನಮ್ಮ ಮಾವ ಸರ್."

"ಅವರೂ ನೇಯ್ಗೆಯವರಾ?"

"ಅಲ್ಲ, ಬಸ್ ಕಂಡಕ್ಟರ್ ಆಗಿದ್ರು. ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ."

"ಕಾಣಲ್ಲ ಅಂತೀರಿ," ಎಂದರು ಮಾಸ್ಟರು.

ಆಮೇಲೆ ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುವವರಂತೆ ಹಳೆಯ ಮಾತೊಂದನ್ನು ತೆಗೆದರು. ಕಾಗದದ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಹಾಳೆಯನ್ನು ಗೋಡೆಗೆ ತೂಗುಹಾಕಿ, ಅಂಗಳದಾಚೆಯ ಗೇಟಿನವರೆಗೂ ನಡೆದುಹೋಗಿ, ಅರೆಗಣ್ಣು ಮಾಡಿ ನೋಡುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಎಲ್ಲರೂ ಕೂತಲ್ಲೇ ನೋಡಲು ಕಲಿತರು, ನಡೆಯುವುದು ನಿಂತುಹೋಯಿತು. ಇಷ್ಟು ಹೇಳಿ ಅವರು ಮತ್ತೆ ಮಾಸ್ಟರಾದರು. ಮಗ್ಗವನ್ನು ಖಾಲಿ ಬಿಡಲು ಆಗುವುದಿಲ್ಲ, ಎರಡು ದಿನ ಸಾದಾ ಹೊದಿಕೆ ನೇಯಿಸುತ್ತೇನೆ, ಅಷ್ಟರೊಳಗೆ ಸರಿಯಾದರೆ ಸರಿ, ಇಲ್ಲದಿದ್ದರೆ ಹೋಟೆಲಿನವರಿಗೆ ಬೇರೆಯವರ ವಿನ್ಯಾಸ ಕೊಡಬೇಕಾಗುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದರು.

ಆ ಎರಡು ದಿನ ಆ ಮನೆಯಲ್ಲಿ ನಡೆದದ್ದನ್ನು ನೋಡಬೇಕಿತ್ತು. ಅಕ್ಕ ಮೇಜಿನಲ್ಲಿ ಕೂತು ಒಂದು ಮೊಗ್ಗನ್ನು ಸರಿಸುತ್ತಾಳೆ, ಎದ್ದು ಹಾಲಿನ ಇನ್ನೊಂದು ತುದಿಗೆ ಬಂದು ಕನ್ನಡಕ ತೆಗೆಯುತ್ತಾಳೆ, ಮಾವನನ್ನು ಕೇಳುತ್ತಾಳೆ, ಮತ್ತೆ ಹೋಗಿ ಕೂರುತ್ತಾಳೆ. ಒಂದು ಏಣಿ ಕೆಡವಿದರೆ ಇನ್ನೊಂದು ಕಡೆ ಕಂಬ ಏಳುತ್ತಿತ್ತು. ಎಲೆಗಳನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ತಿರುಗಿಸಿದಾಗ ನಡುವೆ ಬಿಳಿಯ ಕಾಲುವೆ ಹರಿಯಿತು. ಮಾವ ಊಟವನ್ನೂ ಕುರ್ಚಿಗೇ ತರಿಸಿಕೊಂಡರು. ಅವಳು ಬಂದು ನಿಂತಾಗಲೆಲ್ಲ, ಹಿಂದೆ ಇನ್ನೂ ಇಬ್ಬರು ನಿಂತಿದ್ದಾರೆ, ಬಾಗಿಲ ಹತ್ತಿರ ಒಬ್ಬ ಇಳಿದಿಲ್ಲ ಎಂದು ಉಳಿದ ಕಂಬಿಗಳನ್ನು ಬಸ್ಸಿನ ಲೆಕ್ಕದಲ್ಲೇ ಹೇಳುತ್ತಿದ್ದರು. ಎಲ್ಲಿ ಎಂದು ಕೇಳಿದರೆ ಕೈಕೋಲು ಎತ್ತಿ ತೋರಿಸುತ್ತಿದ್ದರು. ಎದ್ದು ಕೂತು ಮಾಡಿ ಅಕ್ಕನ ಮಂಡಿ ಊದಿಕೊಂಡಿತು. ಭಾವ ಮಧ್ಯಾಹ್ನವೇ ಕೆಲಸ ಮುಗಿಸಿ ಬಂದು, ಅಡುಗೆಮನೆಯ ಕುರ್ಚಿಯನ್ನು ತಂದು ಅಪ್ಪನ ಕುರ್ಚಿಯ ಪಕ್ಕ ಹಾಕಿದರು. ಅಷ್ಟಕ್ಕೇ ಬಿಡದೆ, ಮೌಸಿಗೆ ಉದ್ದನೆಯ ವೈರು ಜೋಡಿಸಿ ಅಲ್ಲಿಂದಲೇ ಮೊಗ್ಗು ಸರಿಸುವ ಹಾಗೆ ಮಾಡಿಕೊಟ್ಟರು. ಕಿಟಕಿಯ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಎರಡನೇ ದಿನ ಇಳಿಹೊತ್ತಿಗೆ ಅಕ್ಕ ಮೊಗ್ಗುಗಳನ್ನು ಅರ್ಧದಷ್ಟು ತೆಗೆದೇಬಿಟ್ಟಳು. ಅವುಗಳ ಮೇಲೆ ಅವಳಿಗೆ ಬಹಳ ಪ್ರೀತಿ ಇತ್ತು, ತೆಗೆಯುವಾಗ ಮುಖ ಸಪ್ಪಗಾಗಿತ್ತು. ಮಾವ ಬಹಳ ಹೊತ್ತು ನೋಡಿದರು. ಕತ್ತು ಓರೆ ಮಾಡಿ ನೋಡಿದರು. "ಎಲ್ಲಾ ಇಳಿದ್ರಮ್ಮ. ಬಸ್ಸು ಖಾಲಿ," ಎಂದರು.

ಮೊದಲ ಬಟ್ಟೆ ಮಗ್ಗದಿಂದ ಇಳಿದ ದಿನ ಅಕ್ಕ ಗಿರಣಿಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ಬಂದು ಹೇಳಿದಳು. ಮಾಸ್ಟರು ಬಟ್ಟೆಯನ್ನು ಮೇಲಿನ ಮೊಗಸಾಲೆಯ ಕಟಕಟೆಯಿಂದ ಕೆಳಕ್ಕೆ ಇಳಿಬಿಡಿಸಿದ್ದರು. ಇಬ್ಬರೂ ಅಂಗಳ ದಾಟಿ ಗೇಟಿನವರೆಗೆ ನಡೆದರು, ಅಲ್ಲಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತರು. ಕಾವಲುಗಾರ, ಏನು ಚೌಕದಕ್ಕ, ಮಾಸ್ಟರೂ ನೀವೂ ಹೊಸದಾಗಿ ಹಗಲು ಗೂಬೆ ಆದ್ರಾ ಎಂದು ಕೇಳಿದನಂತೆ. ಮಾಸ್ಟರು ನಗಲಿಲ್ಲ, ಬೈಯಲೂ ಇಲ್ಲ, ಕಣ್ಣು ಕ್ಷಣವೂ ಆಚೀಚೆ ಮಾಡಲಿಲ್ಲ. ಗಾಳಿಗೆ ಬಟ್ಟೆ ಮೆಲ್ಲಗೆ ಆಡುತ್ತಿತ್ತು. ಕಂಬಿ ಇರಲಿಲ್ಲ.

ಕನ್ನಡಕ ಹಾಕಿಕೊಂಡ ಮೇಲೆ ಅವರು, ಅದೇ ಹೋಟೆಲಿನ ಕೋಣೆಗಳಿಗೆ ಕಿಟಕಿಯ ಕರ್ಟನ್ನೂ ಬೇಕಂತೆ, ಅದನ್ನೂ ನೀವೇ ಬರೆಯಿರಿ ಎಂದರು. ಎಳೆ ಕೂಡಿಸುವ ಕೆಲಸದ ಮಾತನ್ನು ಅವರು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಇವಳು ಕೇಳಿಕೊಂಡದ್ದು ಒಂದೇ. ವಿನ್ಯಾಸ ಮುಗಿದ ಮೇಲೂ ಒಂದು ದಿನ ಅದು ತನ್ನ ಬಳಿಯೇ ಇರಲಿ, ದೂರದಿಂದ ನೋಡಿದ ಮೇಲೆ ಕಳಿಸುತ್ತೇನೆ ಎಂದಳು. ಮಾಸ್ಟರು ಒಪ್ಪಿದರು. ಉಳಿದವರಿಗೂ ಇದೇ ನಿಯಮ ಮಾಡುತ್ತೇನೆ ಎಂದರು.

ಇಷ್ಟನ್ನೂ ಅವಳು ಹಾಲಿನಲ್ಲಿ ನಿಂತೇ ಮಾವನಿಗೆ ಹೇಳಿದಳು. ಮಾವ ವಾರ್ತೆಯ ದನಿ ಸಣ್ಣದು ಮಾಡಿಸಿ ಕೇಳಿಸಿಕೊಂಡರು. ಕರ್ಟನ್ನಿನ ವಿಷಯ ಬಂದಾಗ ಕೈಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು.

"ಕರ್ಟನ್ ಅಂದ್ರೆ ನೆರಿಗೆ ಬೀಳುತ್ತಲ್ಲಮ್ಮ. ನೆರಿಗೆ ಮಡಿಚಿಕೊಂಡಾಗ ಅರ್ಧ ಬಟ್ಟೆ ಒಳಗೆ ಹೋಗುತ್ತೆ. ಅದನ್ನ ಈ ಚಪ್ಪಟೆ ಟಿವೀಲಿ ಹೆಂಗೆ ನೋಡ್ತೀಯ?"

ಅಕ್ಕ ಹೆಗಲ ಚೀಲವನ್ನು ಇಳಿಸದೆ ಅಲ್ಲೇ ನಿಂತಳು. ಆಮೇಲೆ ಬಾಲ್ಕನಿಯ ಬಾಗಿಲಿಗೆ ಹಾಕಿದ್ದ ಹಳೆಯ ಕರ್ಟನ್ನನ್ನು ಒಮ್ಮೆ ಎಳೆದು, ಒಮ್ಮೆ ಸರಿಸಿ, ಕನ್ನಡಕ ತೆಗೆದು ನೋಡತೊಡಗಿದಳು.